ಮಠ ಎಲ್ಲಿ ಅಂದರು ಶೆಟ್ಟರು

ಹೋದ ಮಾಘದಲ್ಲಿ ಶಿರಾಳಕೊಪ್ಪದ ಹತ್ತಿರ ನಮ್ಮ ಬೀಗರ ಮನೆಯ ಮದುವೆ ಇತ್ತು. ನಮ್ಮ ಮಡಕಶಿರಾ ಸೀಮೆಯಿಂದ ಅಲ್ಲಿಗೆ ಹೋಗಿಬರುವುದೆಂದರೆ ಎರಡು ರಾತ್ರಿ ಬಸ್ಸಿನಲ್ಲೇ ಕಳೆಯುವ ಮಾತು. ಒಬ್ಬನೇ ಹೋಗಲು ಬೇಸರವೆಂದು ಕಡ್ಲೆಕಾಯಿ, ಹುಣಸೆಹಣ್ಣಿನ ವ್ಯಾಪಾರ ಮಾಡುವ ನಮ್ಮೂರ ಶೆಟ್ಟರನ್ನೂ ಜೊತೆಗೆ ಎಳೆದುಕೊಂಡು ಹೋದೆ. ಧಾರೆ ಮುಗಿದು ಊಟವಾದಾಗ ಹನ್ನೆರಡೂವರೆ. ವಾಪಸು ಬಸ್ಸು ರಾತ್ರಿಗೆ. ಅಲ್ಲಿಯತನಕ ಏನು ಮಾಡುವುದು? ಶಿರಾಳಕೊಪ್ಪದಿಂದ ಎರಡು ಕಿಲೋಮೀಟರಿನಲ್ಲೇ ಬಳ್ಳಿಗಾವಿ. "ನಡೀರಿ ಶೆಟ್ರೆ, ನಿಮಗೊಂದು ದೊಡ್ಡ ಮಠ ತೋರಿಸ್ತೀನಿ" ಅಂದೆ.

ತೋರಿಸ್ತೀನಿ ಅಂದದ್ದೇ ತಪ್ಪಾಯಿತು. ಹೋಗುವಾಗ ಬಸ್ಸಿನಲ್ಲಿ ಅರ್ಧ ರಾತ್ರಿ ನಾನು ಅವರಿಗೆ ಬಳ್ಳಿಗಾವಿಯ ಕೋಡಿಯ ಮಠದ ವಿಚಾರವನ್ನೇ ಹೇಳಿದ್ದೆ. ಅಲ್ಲಿ ಇಂಥಿಂಥ ಓದು ನಡೀತಿತ್ತು, ಇಂಥಿಂಥವರಿಗೆ ಊಟ ಹಾಕ್ತಿದ್ರು, ರೋಗಿಗಳಿಗೆ ಔಷಧ ಕೊಡ್ತಿದ್ರು ಅಂತ. ಶೆಟ್ಟರು ಲೆಕ್ಕದ ಮನುಷ್ಯ. ಕೇಳುತ್ತ ಕೇಳುತ್ತ ಅವರ ತಲೆಯೊಳಗೆ ದೊಡ್ಡ ಹಜಾರ, ಸಾಲು ಕೋಣೆ, ಅಡಿಗೆಮನೆ, ಕಣಜ ಎಲ್ಲ ಕಟ್ಟಿಕೊಂಡುಬಿಟ್ಟಿದ್ದರು. ಆಟೋ ಇಳಿದು ಕೇದಾರೇಶ್ವರ ದೇವಸ್ಥಾನದ ಸುತ್ತ ಒಂದು ಸಾರಿ ತಿರುಗಿದರು. ಮೂರು ಗರ್ಭಗುಡಿ, ಕೈಯಾಡಿಸಿದರೆ ಜಾರುವಂಥ ಕಡೆದ ಕಂಬಗಳು, ಮೇಲುಗಡೆ ಸಿಂಹದ ಜೊತೆ ಕಾದಾಡುವ ಹೊಯ್ಸಳರ ಲಾಂಛನ, ಶಾಸನದ ಕಲ್ಲುಗಳು, ಆಚೆಗೆ ಕೆರೆ. ಎಲ್ಲ ನೋಡಿಕೊಂಡು ಬಂದು ನೆರಳಲ್ಲಿ ಕೂತು, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಕೇಳಿದರು: "ಗುಡಿ ಚೂಸಿನಾಂ. ಮಠಂ ಎಕ್ಕಡನ್ನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಣ್ಣಿಗೆ ಕಾಣುವುದು ಗುಡಿ. ಮಠದ ಹಜಾರವೂ ಇಲ್ಲ, ಕೋಣೆಯೂ ಇಲ್ಲ, ಒಲೆ ಇದ್ದ ಜಾಗ ಇದು ಎಂದು ಬೆರಳು ಮಾಡಿ ತೋರಿಸಲು ನನಗೆ ಗೊತ್ತಿಲ್ಲ. ಮಲೆನಾಡಿನ ಅಂಚಿನ ಊರು ಅದು, ಮಳೆ ನಮ್ಮ ಹಾಗಲ್ಲ. ಮರ, ಮಣ್ಣಿನ ಮನೆಗಳಾಗಿದ್ದರೆ ಎಂಟುನೂರು ವರ್ಷ ನಿಂತಾವೆಯೇ? ದೇವರಿಗೆ ಕಟ್ಟಿದ್ದು ಕಲ್ಲಿನದು, ಉಳಿಯಿತು. ಓದುವವರು, ಉಣ್ಣುವವರು, ಮಲಗುವವರು ಇದ್ದ ಕಡೆ ಹೋಯಿತು. ನಮ್ಮ ಊರುಗಳಲ್ಲೂ ಅಷ್ಟೇ ತಾನೆ? ಗುಡಿ ನಿಂತಿರುತ್ತದೆ, ಪಕ್ಕದ ಮುಸಾಫರಖಾನೆಯ ಗೋಡೆ ಮೊದಲು ಬೀಳುತ್ತದೆ.

ಆದರೆ ಶೆಟ್ಟರ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ ಎಂಬುದು ವಾಪಸು ಬರುವಾಗ ಹೊಳೆಯಿತು. ಬಳ್ಳಿಗಾವಿಗೆ ಬರುವ ನೂರು ಜನರಲ್ಲಿ ತೊಂಬತ್ತೊಂಬತ್ತು ಜನ ಈ ಪ್ರಶ್ನೆ ಕೇಳುವುದಿಲ್ಲ. ಕಂಬದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಗಂಡಭೇರುಂಡದ ಕಂಬ ನೋಡುತ್ತಾರೆ, 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ್ದಂತೆ ಎಂದು ಮಕ್ಕಳಿಗೆ ಹೇಳುತ್ತಾರೆ, ತ್ರಿಪುರಾಂತಕದ ಗುಡಿಯಲ್ಲಿ ಪಂಚತಂತ್ರದ ಕಥೆಯ ಚಿತ್ರ ಹುಡುಕುತ್ತಾರೆ, ಹೊರಡುತ್ತಾರೆ. ತಪ್ಪೇನಿಲ್ಲ. ನಾನೂ ಹಾಗೇ ಮಾಡಿದೆ. ಆದರೂ ಆ ಊರಿನ ಹೆಸರು ದೂರದೂರಕ್ಕೆ ಹೋದದ್ದು ಬರೀ ಕೆತ್ತನೆಯಿಂದಲ್ಲ. ಅಲ್ಲಿ ನಡೆಯುತ್ತಿದ್ದ ಕೆಲಸದಿಂದ. ಆ ಕೆಲಸದ ಪಟ್ಟಿ ಕಲ್ಲಿನ ಮೇಲೆ ಇನ್ನೂ ಇದೆ. ನನ್ನ ಮಟ್ಟಿಗೆ ಆ ಪಟ್ಟಿಯೇ ಮಠದ ಉಳಿದ ಭಾಗ. ಶೆಟ್ಟರಿಗೆ ನಾನು ತೋರಿಸಬೇಕಾಗಿದ್ದದ್ದು ಅದನ್ನು.

ಅದು 1162ನೆಯ ಇಸವಿಯ ಶಾಸನ. ಬಿ.ಎಲ್. ರೈಸ್ ಸಾಹೇಬರು 1902ರಲ್ಲಿ ಅಚ್ಚು ಹಾಕಿಸಿದ ಶಿವಮೊಗ್ಗ ಜಿಲ್ಲೆಯ ಶಾಸನ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 102ನೆಯ ನಂಬರು ಅದಕ್ಕಿದೆ. ಕೊಟ್ಟವನು ಕಳಚುರಿ ಬಿಜ್ಜಳ. ಹೌದು, ಬಸವಣ್ಣನವರ ಕಥೆಯಲ್ಲಿ ಬರುವ ಕಲ್ಯಾಣದ ಬಿಜ್ಜಳನೇ. ತೆಂಕಣ ಸೀಮೆಯನ್ನು ಕೈವಶ ಮಾಡಿಕೊಳ್ಳಲು ಬಂದವನು ಬಳ್ಳಿಗಾವಿಯಲ್ಲಿ ಬೀಡುಬಿಟ್ಟ, ದಕ್ಷಿಣ ಕೇದಾರದ ಮಠಕ್ಕೆ ದತ್ತಿ ಬಿಟ್ಟ. ದತ್ತಿ ಬಿಡುವ ಮೊದಲು ಈ ಮಠ ಎಂಥದು ಎಂದು ವಿವರವಾಗಿ ಬರೆಸಿದ್ದಾರೆ. ಅದು ಬಹಳ ಉದ್ದ. ನಾನು ನನ್ನ ಮಾತಿನಲ್ಲಿ, ಒಕ್ಕಲು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ.

ಮೊದಲು ಓದು. ಪಾಣಿನಿ, ಕೌಮಾರ, ಶಾಕಟಾಯನ ಮುಂತಾದ ವ್ಯಾಕರಣಗಳ ಪಾಠ ಅಲ್ಲಿ. ನಾಲ್ಕು ವೇದ ಅಲ್ಲಿ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಇಂಥ ದರ್ಶನಗಳ ವಿಚಾರ. ಈ ದರ್ಶನಗಳ ಪಟ್ಟಿಯಲ್ಲಿ ಬೌದ್ಧವೂ ಇದೆ. ಶೈವರ ಮಠದಲ್ಲಿ! ಲಾಕುಳ ಸಿದ್ಧಾಂತ ಅವರ ಸ್ವಂತದ್ದು, ಅದರ ಜೊತೆಗೆ ಪತಂಜಲಿಯ ಯೋಗ. ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ನಾಟಕ ಎಂಬ ಮಾತು ಓದಿದಾಗ ನನಗೆ ಖುಷಿಯಾಯಿತು. ನಮ್ಮ ಕಡೆ ಚೌಡಿಕೆ, ಬಯಲಾಟ ಆಡಿಕೊಂಡಿದ್ದವರನ್ನು ಓದಿದವರು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಆ ಮಠದಲ್ಲಿ ವ್ಯಾಕರಣದ ಮಗ್ಗುಲಿಗೇ ನಾಟಕಕ್ಕೆ ಜಾಗ ಇತ್ತು. ವಾಮಶಕ್ತಿ ಎಂಬ ಆಚಾರ್ಯ ಮೂವತ್ತು ವರ್ಷದ ಹತ್ತಿರ ಆ ಮಠ ನಡೆಸಿದ. ಅವನನ್ನು 1168ರ ಇನ್ನೊಂದು ಶಾಸನ ವ್ಯಾಕರಣದಲ್ಲಿ ಪಾಣಿನಿಗೂ ನಾಟ್ಯದಲ್ಲಿ ಭರತನಿಗೂ ಹೋಲಿಸುತ್ತದೆ. ಹೊಗಳಿಕೆ ಅಂತ ಅರ್ಧ ಕಳೆದರೂ ಉಳಿದರ್ಧ ಸಣ್ಣದಲ್ಲ.

ಆಮೇಲೆ ಊಟ. ಇಲ್ಲಿ ಶಾಸನ ಬರೆದವನು ನಿಂತು ನಿಂತು ಎಣಿಸಿದ್ದಾನೆ. ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ. ಕಥೆ ಹೇಳುವವರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಕೊಳಲೂದುವವರಿಗೆ, ಕುಣಿಯುವವರಿಗೆ. ಬೆತ್ತಲೆ ತಿರುಗುವ ಸನ್ಯಾಸಿಗಳಿಗೆ, ಜೈನ ಕ್ಷಪಣಕರಿಗೆ, ಒಂದು ದಂಡ ಹಿಡಿದವರಿಗೆ, ಮೂರು ದಂಡ ಹಿಡಿದವರಿಗೆ, ಹಂಸ ಪರಮಹಂಸರಿಗೆ, ನಾನಾ ದೇಶದಿಂದ ಬಂದ ಭಿಕ್ಷುಕರಿಗೆ. ನೀನು ಯಾವ ಪಂಗಡ ಎಂದು ಕೇಳಿ ಎಲೆ ಹಾಕುವ ಕ್ರಮ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಇದೇ ಪಂಥದವರು ವಾದಕ್ಕೆ ನಿಂತರೆ ಬಿಡುವ ಪೈಕಿಯಲ್ಲ ಎಂಬುದನ್ನೂ ಹೇಳಬೇಕು. ಅದೇ ಊರಿನ ಪಂಚಲಿಂಗ ದೇವಾಲಯದ ಲಾಕುಳೇಶ್ವರ ಪಂಡಿತ ಎಂಬಾತ ಎಷ್ಟೋ ಮಂದಿ ಜೈನ, ಬೌದ್ಧ ವಾದಿಗಳನ್ನು ಸೋಲಿಸಿದನೆಂದು ನೂರು ವರ್ಷ ಹಿಂದಿನ ಶಾಸನ ಬೀಗುತ್ತದೆ. ಹಜಾರದಲ್ಲಿ ಮಾತಿಗೆ ಮಾತು, ಊಟದ ಹೊತ್ತಿಗೆ ಎಲೆ. ನಮ್ಮ ಪಂಚಾಯಿತಿ ಕಟ್ಟೆಗಳಲ್ಲಿ ಈಗ ಮಾತು ಹೆಚ್ಚಾದವನಿಗೆ ನೀರೂ ಕೊಡುವುದಿಲ್ಲ, ಇರಲಿ.

ಊಟ ಆದಮೇಲೆ ಔಷಧ. ದಿಕ್ಕಿಲ್ಲದ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಮಾಡುವ ಜಾಗ ಅದು. ಕಡೆಗೆ ಒಂದು ಮಾತು: ಜೀವ ಇರುವ ಎಲ್ಲದಕ್ಕೂ ಅಭಯ ಸಿಗುವ ಜಾಗ.

ಶೆಟ್ಟರು ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನೆಲ್ಲ ಮತ್ತೆ ಹೇಳಿಸಿಕೊಂಡರು. ಹೇಳಿಸಿಕೊಂಡು, "ದಿನಾಲು ಊಟ ಅಂದ್ರೆ ಅಕ್ಕಿ ಎಲ್ಲಿಂದ ಬರ್ತಿತ್ತಣ್ಣ?" ಅಂದರು. ವ್ಯಾಪಾರಸ್ಥರು ಕೇಳುವ ಸರಿಯಾದ ಪ್ರಶ್ನೆ. ನಮ್ಮೂರ ಪರಿಸೆಯಲ್ಲಿ ನೂರು ಎಲೆಗೆ ಹದಿನೈದು ಕೇಜಿ ಅಕ್ಕಿ ಹಾಕುತ್ತೇವೆ, ಅದು ವರ್ಷಕ್ಕೊಂದು ದಿನ, ಅದಕ್ಕೇ ಚಂದಾ ಎತ್ತುವುದರಲ್ಲಿ ಜಗಳ. ದಿನದಿನವೂ ಎಲೆ ಬೀಳಬೇಕೆಂದರೆ ಭೂಮಿ ಬೇಕು, ನೀರು ಬೇಕು. ರಾಜರು ಊರು ಬಿಟ್ಟರು, ಗದ್ದೆ ಬಿಟ್ಟರು, ಸುಂಕ ಬಿಟ್ಟರು ಎಂದು ಕಲ್ಲು ಹೇಳುತ್ತದೆ. ಬಳ್ಳಿಗಾವಿ ಅಯ್ಯಾವೊಳೆ ಐನೂರ್ವರು ಎಂಬ ವ್ಯಾಪಾರಿಗಳ ದೊಡ್ಡ ತಾಣ. ಹನ್ನೊಂದನೆಯ ಶತಮಾನದ ಅಲ್ಲಿಯ ಒಂದು ಶಾಸನದಲ್ಲಿ ಅವರು ದೇಶದೇಶ ಸುತ್ತಿ ಮಾರುತ್ತಿದ್ದ ಸರಕಿನ ಪಟ್ಟಿಯೇ ಇದೆ: ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ. ಅಂಥ ಪೇಟೆಯ ಸುಂಕದಲ್ಲಿ ಒಂದು ಚೂರು ಇತ್ತ ಬಂದರೂ ಸಾಕು.

ಒಂದು ಮಾತು ಮಾತ್ರ ನನಗೆ ಚುಚ್ಚುತ್ತದೆ. ಕೊಟ್ಟ ರಾಜನ ಹೆಸರು ಇದೆ, ಬಿರುದು ಸಮೇತ. ತೆಗೆದುಕೊಂಡ ಆಚಾರ್ಯನ ಹೆಸರು ಇದೆ, ಅವನ ಗುರು, ಗುರುವಿನ ಗುರು ಸಮೇತ. ದತ್ತಿ ಬಿಟ್ಟ ಊರಲ್ಲಿ ಉತ್ತು ಬಿತ್ತಿದವನ ಹೆಸರಿಗೆ ಅಲ್ಲಿ ಜಾಗ ಸಿಕ್ಕಿಲ್ಲ. ಸರ್ವಮಾನ್ಯ ಎಂದರೆ ಅರಮನೆಗೆ ಕಂದಾಯವಿಲ್ಲ ಎಂದರ್ಥ. ಒಕ್ಕಲಿಗನಿಗೆ ಕಂದಾಯ ತಪ್ಪಿತೇ? ಅರಮನೆಗೆ ಅಳೆಯುತ್ತಿದ್ದದ್ದನ್ನು ಮಠಕ್ಕೆ ಅಳೆದಿರುತ್ತಾನೆ. ಮಠದ ಎಲೆಯ ಮೇಲೆ ಬಿದ್ದ ಅನ್ನ ಅವನದು. ಆ ಅನ್ನ ಕುರುಡನಿಗೆ, ಕುಂಟನಿಗೆ ಸಿಕ್ಕಿತಲ್ಲ ಎಂಬುದಕ್ಕೆ ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಅರಮನೆಗೆ ಹೋಗಿದ್ದರೆ ಕುದುರೆಗೆ ಹುರುಳಿಯಾಗುತ್ತಿತ್ತು.

ನೀರಿನ ಮಾತು ಬಂತಲ್ಲ. ಮಠದ ಹೆಸರೇ ಕೋಡಿಯ ಮಠ. ಕೆರೆಯ ಕೋಡಿ ಎಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಪೇಟೆಯ ವಿದ್ವಾಂಸರಿಗೆ ಅದು ಬರೀ ಒಂದು ಗುರುತಿನ ಹೆಸರು. ನಮಗೆ ಕೋಡಿ ಬಿತ್ತು ಎಂದರೆ ಆ ವರ್ಷ ಬದುಕಿಕೊಂಡೆವು ಎಂದು ಅರ್ಥ. ಅದನ್ನೇ ನಮ್ಮ ಅನಂತಪುರ ಸೀಮೆಯ ತೆಲುಗಿನಲ್ಲಿ ಮರವ ಅನ್ನುತ್ತೇವೆ, ಬೇರೆ ಕಡೆ ಅಲುಗು. ಕೋಡಿಯ ಮಗ್ಗುಲಲ್ಲಿ ಮಠ ಕಟ್ಟಿದವರು ಕೆರೆ ತುಂಬಿ ಹೆಚ್ಚಾದದ್ದು ಹೊರಕ್ಕೆ ಹೋಗುವ ಜಾಗವನ್ನೇ ಆರಿಸಿಕೊಂಡರೋ, ಸುಮ್ಮನೆ ಗಾಳಿ ಚೆನ್ನಾಗಿದೆಯೆಂದು ಕಟ್ಟಿದರೋ, ಯಾರು ಬಲ್ಲರು. ಪದ್ಯ ಬರೆಯುವ ಚಟ ಇರುವವನಿಗೆ ಇಂಥ ಯೋಚನೆ ಬರುತ್ತದೆ, ಕ್ಷಮಿಸಬೇಕು.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಬಳ್ಳಿಗಾವಿಗೂ ಆಂಧ್ರದ ಒಳಗಿರುವ ನಮಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕೋಡಿಯ ಮಠದ ಆಚಾರ್ಯರು ಕಾಳಾಮುಖ ಶೈವರು, ಲಕುಲೀಶನನ್ನು ಮೂಲಗುರು ಎಂದು ನಂಬಿದವರು. ಶಾಸನದಲ್ಲಿ ತಮ್ಮ ಗುರುಪರಂಪರೆಯನ್ನು ಪರ್ವತಾವಳಿ ಎಂದು ಹೇಳಿಕೊಳ್ಳುತ್ತಾರೆ. ಆ ಪರ್ವತ ಎಂದರೆ ಶ್ರೀಶೈಲ ಎಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಹೆಂಗಸರು ಗಂಡಸರು ಶಿವರಾತ್ರಿಗೆ, ಯುಗಾದಿಗೆ ಕಂಬಿ ಹೊತ್ತು ಹೋಗುತ್ತಿದ್ದ ಮಲ್ಲಯ್ಯನ ಬೆಟ್ಟವೇ. ಎಂದರೆ ತೆಲುಗು ನಾಡಿನ ಬೆಟ್ಟದ ಹೆಸರು ಹೇಳಿಕೊಂಡು ಕನ್ನಡ ನಾಡಿನ ಊರಲ್ಲಿ ಪಾಠ ಹೇಳಿದರು, ಅನ್ನ ಇಕ್ಕಿದರು. ಈಗಿನ ಗಡಿ ಕಲ್ಲು ಆಗ ಯಾರ ಹೊಲದಲ್ಲೂ ಇರಲಿಲ್ಲ.

ಇನ್ನೂ ಹತ್ತಿರದ್ದು ಹೇಳುತ್ತೇನೆ. ನಮ್ಮ ಅಮರಾಪುರಂ ಮಂಡಲದ ಹೇಮಾವತಿ, ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಬಳ್ಳಿಗಾವಿ ಬನವಾಸಿ ಹನ್ನೆರಡು ಸಾಸಿರದ ಪಟ್ಟಣವಾದರೆ ಹೆಂಜೇರು ನೊಳಂಬವಾಡಿ ಮೂವತ್ತೆರಡು ಸಾಸಿರದ ಪಟ್ಟಣ. ಹೇಮಾವತಿಯ 943ನೆಯ ಇಸವಿಯ ಒಂದು ಶಾಸನದಲ್ಲಿ ಒಂದು ವಿಚಿತ್ರ ಮಾತು ಇದೆ. ತನ್ನ ಹೆಸರೂ ತನ್ನ ಸಿದ್ಧಾಂತವೂ ಎಲ್ಲಿ ಜನಕ್ಕೆ ಮರೆತುಹೋಗುತ್ತದೋ ಎಂದು ಹೆದರಿ ಲಕುಲೀಶನೇ ಮತ್ತೆ ಹುಟ್ಟಿಬಂದ, ಚಿಲ್ಲುಕನೆಂಬ ಮುನಿಯಾಗಿ, ಎಂದು. ಬಳ್ಳಿಗಾವಿಯ ಶಾಸನಕ್ಕಿಂತ ಇನ್ನೂರು ವರ್ಷ ಹಿಂದಿನದು ಇದು. ನಾನು ಇದನ್ನು ಮೊದಲು ಓದಿದ್ದು ಪಾವಗಡದಲ್ಲಿ, ಎಸ್ಸೆಸ್ಸೆಲ್ಸಿ ಓದುವಾಗ ಇದ್ದ ಕನ್ನಡ ಮೇಷ್ಟ್ರ ಮನೆಯಲ್ಲಿ, ನಾನು ಓದು ಬಿಟ್ಟು ಎಷ್ಟೋ ವರ್ಷದ ಮೇಲೆ. ಅಷ್ಟು ದಿನ ಹೇಮಾವತಿ ಎಂದರೆ ನನಗೆ ಹೆಂಜೇರಪ್ಪನ ಗುಡಿ, ಶಿವರಾತ್ರಿ, ಬೆಂಡುಬತ್ತಾಸು, ಅಷ್ಟೇ. ಮರೆತುಹೋಗುತ್ತದೆಂದು ದೇವರಂಥವನೂ ಹೆದರಿದ ಊರು ಇದು ಎಂದು ಯಾರೂ ಹೇಳಿರಲಿಲ್ಲ.

ಇನ್ನೊಂದು ತಮಾಷೆ ನೋಡಿ. ರೈಸ್ ಸಾಹೇಬರ ಸಂಪುಟದಲ್ಲಿ ಹೇಮಾವತಿಯ ಶಾಸನಗಳು ಅಚ್ಚಾಗಿರುವುದು ತುಮಕೂರು ಜಿಲ್ಲೆಯ ಪುಸ್ತಕದಲ್ಲಿ, ಶಿರಾ ತಾಲ್ಲೂಕಿನ ನಂಬರುಗಳ ಜೊತೆಗೆ. ಊರು ಇದ್ದದ್ದು ಮದರಾಸಿನ ಅನಂತಪುರ ಜಿಲ್ಲೆಯಲ್ಲಿ. 1953ರಲ್ಲಿ ಆಂಧ್ರ ರಾಜ್ಯ ಆಯಿತು, 1956ರಲ್ಲಿ ಆಂಧ್ರಪ್ರದೇಶ, 2022ರಲ್ಲಿ ಅನಂತಪುರ ಜಿಲ್ಲೆ ಒಡೆದು ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರಾದೆವು. ಬಳ್ಳಿಗಾವಿಯ ಮಠವೂ ಇಂಥ ಬದಲಾವಣೆ ಕಂಡಿದೆ. 1129ರಲ್ಲಿ ಚಾಲುಕ್ಯ ಸೋಮೇಶ್ವರ, 1162ರಲ್ಲಿ ಕಳಚುರಿ ಬಿಜ್ಜಳ, ಮುಂದೆ ಮೂವತ್ತು ವರ್ಷಕ್ಕೆ ಹೊಯ್ಸಳ ವೀರಬಲ್ಲಾಳ. ಒಬ್ಬರನ್ನೊಬ್ಬರು ಕೆಡವಿದವರೇ. ಆದರೆ ಹೊಸದಾಗಿ ಬಂದವನು ಹಳಬನ ದತ್ತಿ ಕಿತ್ತುಕೊಳ್ಳದೆ ತನ್ನದೊಂದು ಸೇರಿಸಿದ. ನಮ್ಮ ಕನ್ನಡ ಶಾಲೆಗಳ ವಿಚಾರದಲ್ಲಿ ಎರಡೂ ಕಡೆಯ ಸರ್ಕಾರಗಳು ಇಷ್ಟು ಮಾಡಿದ್ದರೆ ಸಾಕಾಗಿತ್ತು ಎಂದು ನಾನು ಹೇಳಿದರೆ ಅತಿಯಾಗುವುದಿಲ್ಲ ಎಂದುಕೊಂಡಿದ್ದೇನೆ.

ಹೇಮಾವತಿಯ ಕಥೆ ಬಳ್ಳಿಗಾವಿಗಿಂತ ಕಷ್ಟದ್ದು. ನೊಳಂಬರ ಕಂಬಗಳು ಚೋಳರ ಕಾಲದಲ್ಲೇ ತಂಜಾವೂರಿನ ಕಡೆ ಹೋದವು, ತಿರುವಯ್ಯಾರಿನ ಗುಡಿಯಲ್ಲಿ ಈಗಲೂ ನಿಂತಿವೆ. ಶಿಲ್ಪಗಳು ಬ್ರಿಟಿಷರ ಕಾಲದಿಂದ ಮದರಾಸಿನ ಮ್ಯೂಸಿಯಮ್ಮಿಗೆ ಸೇರಿದವು. ಉಳಿದದ್ದು ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳ ಹತ್ತಿರ ಇವೆ. ಹೋದದ್ದನ್ನು ವಾಪಸು ತನ್ನಿ ಎಂದು ಆಗಾಗ ನಮ್ಮ ಹುಡುಗರು ಭಾಷಣ ಮಾಡುತ್ತಾರೆ. ತಂದರೆ ಸಂತೋಷ. ಆದರೆ ಇರುವುದನ್ನು ಓದುವವರು ಯಾರು? ಹಳೆಗನ್ನಡ ಲಿಪಿ ನನಗೂ ಪೂರ್ತಿ ಬರುವುದಿಲ್ಲ. ಬಳ್ಳಿಗಾವಿಯಲ್ಲಿ ಒಂದು ಕಲ್ಲಿನ ಮುಂದೆ ಕೂತು ಬೆರಳಿಟ್ಟು ನೋಡಿದೆ, ಸಾಲಿಗೆ ನಾಲ್ಕು ಅಕ್ಷರ ಹಿಡಿಯುವಷ್ಟರಲ್ಲಿ ಕಣ್ಣು ನೀರು ಬಂತು. ನನ್ನ ಮೊಮ್ಮಗ ಮಡಕಶಿರಾದಲ್ಲಿ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಬೀದಿಯಲ್ಲಿ ತೆಲುಗು. ಎರಡರ ಅಕ್ಷರವನ್ನೂ ಕುಂಟುತ್ತ ಓದುತ್ತಾನೆ. ಅವನನ್ನು ಬೈಯುವ ಮುಖ ನನಗಿಲ್ಲ, ಫೀಸು ಕಟ್ಟಿದವನು ನಾನೇ.

ಬಳ್ಳಿಗಾವಿಯಲ್ಲಿ ಮತ್ತೆ ಮಠ ಕಟ್ಟಬೇಕು, ಹಳೆಯ ವೈಭವ ತರಬೇಕು ಎಂದು ಮದುವೆ ಮನೆಯಲ್ಲೇ ಒಬ್ಬರು ಜೋರಾಗಿ ಹೇಳಿದರು. ನನಗೆ ಆ ಮಾತು ಹಿಡಿಸಲಿಲ್ಲ. ಸಿಮೆಂಟು, ಗ್ರಾನೈಟು ಹಾಕಿ ಕಮಾನು ಕಟ್ಟಿ ಅದರ ಮೇಲೆ ಕೊಟ್ಟವರ ಫೋಟೋ ಹಾಕಿದರೆ ಅದು ಕೋಡಿಯ ಮಠ ಆಗುವುದಿಲ್ಲ. ಇನ್ನೊಬ್ಬರು, ಅದು ನಮ್ಮ ಪಂಗಡದ್ದು ಎಂದರು. ಪಕ್ಕದಲ್ಲಿದ್ದವರು ಅಲ್ಲ, ನಮ್ಮದು ಎಂದರು. ಕಾಳಾಮುಖರು ಎಂಬ ಹೆಸರಿನವರು ಈಗ ಎಲ್ಲೂ ಇಲ್ಲ. ಅವರ ಎಷ್ಟೋ ಮಠಗಳು ಮುಂದೆ ವೀರಶೈವ ಮಠಗಳಾದವು ಎನ್ನುವ ವಿದ್ವಾಂಸರಿದ್ದಾರೆ. ಅಲ್ಲಮಪ್ರಭು ಬಳ್ಳಿಗಾವಿಯವರು ಎಂಬುದೂ ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಊರಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂದು ಐದೂ ಕಡೆಯ ಮಠಗಳಿದ್ದವೆಂದು ಶಾಸನವೇ ಹೇಳುತ್ತದೆ. 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ್ದೂ ಅಲ್ಲೇ. ಕ್ಷಪಣಕನಿಗೂ ಪರಮಹಂಸನಿಗೂ ಒಂದೇ ಅಂಗಳದಲ್ಲಿ ಎಲೆ ಹಾಕಿದ ಮಠವನ್ನು ಒಂದು ಪಂಗಡಕ್ಕೆ ರಿಜಿಸ್ಟರ್ ಮಾಡಿಸುವುದು ಹೇಗೆ? ಸಬ್ ರಿಜಿಸ್ಟ್ರಾರು ಒಪ್ಪಿದರೂ ಕಲ್ಲು ಒಪ್ಪುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಕಲ್ಲಿನಲ್ಲಿ ಇರುವುದನ್ನು ಈಗಿನ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ನಿಂತು ಓದುವ ಹಾಗೆ ಬರೆದು ನಿಲ್ಲಿಸಬೇಕು. ಯಾವ ಶೈಲಿ, ಯಾವ ಶತಮಾನ, ಎಷ್ಟು ಅಂಕಣ ಎಂಬ ವಿವರ ಬಲ್ಲವರಿಗಿರಲಿ. ಇಲ್ಲಿ ಏನು ಓದಿಸುತ್ತಿದ್ದರು, ಯಾರಿಗೆ ಉಣ್ಣಿಸುತ್ತಿದ್ದರು, ಯಾರಿಗೆ ಔಷಧ ಕೊಡುತ್ತಿದ್ದರು ಎಂಬ ಪಟ್ಟಿ ಎಲ್ಲರಿಗೂ ಇರಲಿ. ಬಳ್ಳಿಗಾವಿಯಲ್ಲಿ ಕನ್ನಡದಲ್ಲಿ. ಹೇಮಾವತಿಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ. ಗುಡಿ ಆವರಣದೊಳಗೆ ಒಂದು ಮೊಳೆ ಹೊಡೆಯಬೇಕೆಂದರೂ ದೊಡ್ಡ ಕಚೇರಿಯ ಅಪ್ಪಣೆ ಬೇಕು, ಬೇಕಾದದ್ದೇ, ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಊರ ಶಾಲೆಯ ಗೋಡೆಗೆ ಅಂಥ ಅಪ್ಪಣೆ ಬೇಡವಲ್ಲ.

ಕನ್ನಡದಲ್ಲಿ ಮಾತ್ರ ಬರೆಯಬೇಕು, ತೆಲುಗು ಯಾಕೆ ಎಂದು ನಮ್ಮ ಸಂಘದ ಕೆಲವು ಗೆಳೆಯರು ಕೇಳಿದರು. ಅವರ ನೋವು ನನಗೆ ಗೊತ್ತು. ಶಾಲೆಯಲ್ಲಿ ಕನ್ನಡ ಪುಸ್ತಕಕ್ಕೆ ಕಾದು ಕೂತ ವರ್ಷಗಳನ್ನು ನಾನೂ ಕಂಡಿದ್ದೇನೆ. ಆದರೆ ನನ್ನ ಪದ್ಯಗಳಲ್ಲಿ ಅರ್ಧ ತೆಲುಗಿನವು, ನನ್ನ ಸೊಸೆ ತೆಲುಗಿನವಳು, ಶೆಟ್ಟರು ತೆಲುಗಿನವರು. ಮಠ ಎಲ್ಲಿ ಎಂದು ಕೇಳಿದವರು ಅವರು. ನಾನು, ಕನ್ನಡದ ಅಭಿಮಾನಿ, ಕಂಬಕ್ಕೆ ಕೈಯಾಡಿಸುತ್ತ ನಿಂತಿದ್ದೆ. ಅವರಿಗೆ ಓದಲು ಬರದ ಬೋರ್ಡು ಹಾಕಿ ನಾನು ಏನು ಸಾಧಿಸಿದ ಹಾಗಾಯಿತು?

ಇದರಿಂದ ಏನು ಬಂತು, ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಈ ವರ್ಷ ಕಡ್ಲೆಕಾಯಿಗೆ ಬಂಡವಾಳವೂ ಬರಲಿಲ್ಲ, ಬೋರ್‌ವೆಲ್ಲು ಎರಡು ಬತ್ತಿದವು, ಅಡಿಕೆ ಗಿಡ ಉಳಿಸಿಕೊಳ್ಳಲು ಟ್ಯಾಂಕರಿನ ನೀರು ಹೊಯ್ದೆ. ಆ ಪ್ರಶ್ನೆ ಕೇಳುವ ಹಕ್ಕು ನನಗೂ ಇದೆ. ಆದರೆ ನಮ್ಮ ಸೀಮೆಯ ಮಕ್ಕಳಿಗೆ ನಾವು ಹೇಳಿಕೊಡುತ್ತಿರುವುದು ಏನು? ಇದು ಬರಗಾಲದ ಸೀಮೆ, ಇಲ್ಲಿ ಏನೂ ಇಲ್ಲ, ಬೆಂಗಳೂರಿಗೆ ಹೋಗು ಎಂದು. ಹೋಗಲಿ, ಬೇಡ ಅನ್ನುವುದಿಲ್ಲ. ಹೋಗುವ ಮೊದಲು ಒಂದು ಗೋಡೆ ಓದಿಕೊಂಡು ಹೋಗಲಿ.

ಬಸ್ಸಿಳಿದ ಮೂರನೆಯ ದಿನ ಶೆಟ್ಟರು ಮನೆಗೆ ಬಂದರು. "ಆ ಊಟದ ಪಟ್ಟಿ ಬರ್ಕೊಡಣ್ಣ, ಬಣ್ಣದ ಖರ್ಚು ನಂದು" ಅಂದರು. ಎರಡು ರಾತ್ರಿ ಕೂತು ಎರಡೂ ಭಾಷೆಯಲ್ಲಿ ಬರೆದೆ. ಕನ್ನಡದಲ್ಲಿ ಹತ್ತೊಂಬತ್ತು ಸಾಲು ಆಯಿತು, ತೆಲುಗಿನಲ್ಲಿ ಇಪ್ಪತ್ತೆರಡು. ಹೇಮಾವತಿಯ ಚಿಲ್ಲುಕ ಮುನಿಯ ಮಾತನ್ನು ಮೇಲುಗಡೆ, ಬಳ್ಳಿಗಾವಿಯ ಪಟ್ಟಿಯನ್ನು ಕೆಳಗಡೆ ಇಟ್ಟಿದ್ದೇನೆ. ಅಭಯ ಎಂಬ ಮಾತನ್ನು ಎರಡರಲ್ಲೂ ಹಾಗೇ ಬಿಟ್ಟೆ. ಮೊಮ್ಮಗನ ಕೈಯಲ್ಲಿ ಓದಿಸಿದೆ. ಕ್ಷಪಣಕ ಎನ್ನುವಲ್ಲಿ ತಡವರಿಸಿದ, ಕುಂಟರು ಕುರುಡರು ಎನ್ನುವಲ್ಲಿ ಸರಾಗವಾಗಿ ಹೋದ. "ತಾತ, ಕೊಳಲೂದೋರಿಗೆ ಯಾಕೆ ಪುಕ್ಕಟೆ ಊಟ?" ಎಂದು ಕೇಳಿದ. ನಾನು ಪದ್ಯ ಬರೆಯುವವನಾದ್ದರಿಂದ ಆ ಪ್ರಶ್ನೆಗೆ ಉತ್ತರ ಹೇಳುವುದು ಸರಿಯಲ್ಲವೆಂದು ಅವನ ಅಜ್ಜಿಯನ್ನು ಕೇಳು ಅಂದೆ.

ಶಾಲೆಯ ಹೆಡ್‌ಮಾಸ್ಟರು ಪಡುವಣ ಗೋಡೆ ಬಿಟ್ಟುಕೊಟ್ಟಿದ್ದಾರೆ. ಸುಣ್ಣ ಬಳಿದಾಗಿದೆ. ಬಣ್ಣದ ಡಬ್ಬಿ ಶೆಟ್ಟರ ಮಂಡಿಯಲ್ಲಿವೆ. ಎಡಗಡೆ ಯಾವ ಲಿಪಿ, ಬಲಗಡೆ ಯಾವ ಲಿಪಿ ಎಂಬುದೊಂದು ತೀರ್ಮಾನ ಆಗಬೇಕು. ಬರುವ ಸೋಮವಾರ ಸಂತೆ ಮುಗಿದ ಮೇಲೆ ಶಾಲೆಯ ಹತ್ತಿರ ಸೇರುತ್ತೇವೆ. ಅಕ್ಷರ ಚೆನ್ನಾಗಿ ಬರೆಯುವವರು ಅಮರಾಪುರಂ, ರೊಳ್ಳ, ಗುಡಿಬಂಡೆ ಕಡೆ ಯಾರಾದರೂ ಇದ್ದರೆ ಬಂದರೆ ಉಪಕಾರ. ಊಟ ನಮ್ಮ ಮನೆಯಲ್ಲಿ.